ಅರವತ್ತೊಂದನೇ ಪ್ರಶ್ನೆ

ನನಗೆ ಕೊಟ್ಟ ಕೆಲಸ ಒಂದು ದೇಶವನ್ನು ಕಟ್ಟುವುದು. ಅದಕ್ಕೆ ಮೂರು ವಾರ ಸಮಯವಿತ್ತು.

ಟೋಕಿಯೋದ ಮಿನಾಟೋದಲ್ಲಿರುವ ಒಂದು ಸಣ್ಣ ಅಧ್ಯಯನ ಸಂಸ್ಥೆ ಸರ್ಕಾರಿ ಅಧಿಕಾರಿಗಳಿಗೂ ಕಂಪನಿಗಳವರಿಗೂ ವಿದೇಶಾಂಗ ನೀತಿಯ ತರಬೇತಿ ಕೊಡುತ್ತದೆ. ಆ ವರ್ಷದ ವಿಷಯ ಯುರೋಪು. ನೆರೆಯ ಯಾವುದೋ ದೇಶದಲ್ಲಿ ಹೊಡೆದಾಟ ನಡೆದು ತಣ್ಣಗಾದ ಮೇಲೆ ಯುರೋಪಿನ ದೇಶಗಳು ಒಟ್ಟಾಗಿ ಅಲ್ಲಿಗೆ ಯಾರನ್ನು ಕಳಿಸಬೇಕು? ಪೊಲೀಸ್ ತರಬೇತುದಾರರು, ನ್ಯಾಯಾಧೀಶರು, ವೀಕ್ಷಕರು, ಇಂಥ ಆಯುಧವಿಲ್ಲದ ನಾಗರಿಕರನ್ನೋ ಅಥವಾ ಸೈನಿಕರನ್ನೋ? ಈ ವಾದ ಅಲ್ಲಿ ದಶಕಗಳಿಂದ ನಡೆದಿದೆ, ಇತ್ತೀಚೆಗೆ ಬಾಗಿಲಲ್ಲೇ ಯುದ್ಧ ಬಂದು ನಿಂತ ಮೇಲೆ ಇನ್ನಷ್ಟು ಬಿಸಿಯಾಗಿದೆ. ಹತ್ತು ಮಂದಿ ಜಪಾನಿಯರು ಯುರೋಪಿನ ದೇಶಗಳ ಪ್ರತಿನಿಧಿಗಳಾಗಿ ಮೇಜಿನ ಸುತ್ತ ಕೂತು ಇದನ್ನು ವಾದಿಸಬೇಕು, ಕೊನೆಗೆ ಒಮ್ಮತದ ತೀರ್ಮಾನಕ್ಕೆ ಬರಬೇಕು. ಎರಡು ವಾರಕ್ಕೊಮ್ಮೆ ಶುಕ್ರವಾರ ಮಧ್ಯಾಹ್ನ, ಒಟ್ಟು ಮೂರು ಸಭೆ. ಸನ್ನಿವೇಶ ಬರೆಯುವುದು, ಸಭೆ ನಡೆಸುವುದು, ಕಡೆಗೆ ವರದಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು.

ನಾನು ಬರೆದ ದೇಶದಲ್ಲಿ ಒಂದು ನದಿ, ಎರಡು ದಡದಲ್ಲಿ ಎರಡು ಸಮುದಾಯ, ನಡುವೆ ಒಂದೇ ಸೇತುವೆ. ಪೊಲೀಸ್ ಠಾಣೆ, ಕೋರ್ಟು ಈ ಕಡೆ. ಸಂತೆ ಆ ಕಡೆ. ಕದನವಿರಾಮವಾಗಿ ಎರಡು ತಿಂಗಳು. ಆಸ್ಪತ್ರೆ ಎಲ್ಲಿಡಲಿ ಎಂದು ಕೇಳಿದಾಗ ನನ್ನ ಹತ್ತು ವರ್ಷದ ಮಗಳು ನಕ್ಷೆಯ ಮೇಲೆ ಬೆರಳಿಟ್ಟು, "ದೇರ್ ಅಮ್ಮಾ, ಆ ಕಡೆ ಎಂಪ್ಟಿ ಇದೆ" ಎಂದಳು. ಸರಿ ಎಂದು ಸಂತೆಯ ಪಕ್ಕಕ್ಕೆ ಇಟ್ಟೆ. ನಕ್ಷೆ ಚೆಂದ ಕಂಡಿತು, ಅಷ್ಟೇ ನನಗೆ ಬೇಕಿದ್ದದ್ದು.

ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಬಂದೂಕಿಲ್ಲದೆ ಆಗುವ ಕೆಲಸಕ್ಕೆ ಬಂದೂಕು ಯಾಕೆ ಎನ್ನುವವಳು ನಾನು. ಮೈಸೂರಿನ ಕಾಲೇಜಿನಲ್ಲಿ ಇದೇ ವಿಷಯ ಪಾಠ ಮಾಡುವಾಗ ಬೋರ್ಡಿನ ನಡುವೆ ಗೆರೆ ಎಳೆದು, ಎಡಕ್ಕೆ ನಾಗರಿಕ, ಬಲಕ್ಕೆ ಸೇನೆ ಎಂದು ಬರೆಯುತ್ತಿದ್ದೆ. ಎಡಗಡೆಯ ಪಟ್ಟಿ ಯಾವಾಗಲೂ ಉದ್ದವಾಗುತ್ತಿತ್ತು. ಸೀಮೆಸುಣ್ಣ ನನ್ನ ಕೈಯಲ್ಲೇ ಇತ್ತಲ್ಲ.

ಮೊದಲ ಶುಕ್ರವಾರ ಹತ್ತೂ ಜನ ಹತ್ತು ನಿಮಿಷ ಮುಂಚೆಯೇ ಬಂದು ಕೂತರು. ನಾಗರಿಕರನ್ನು ಕಳಿಸಿ ಎಂದು ವಾದಿಸುವ ಐವರು ನಾಗರಿಕ ತಂಡ, ಸೈನಿಕರ ಪರ ವಾದಿಸುವ ಐವರು ಸೇನಾ ತಂಡ. ತೀರ್ಪುಗಾರರಾಗಿ ಒಬ್ಬ ಕರ್ನಲ್. ಯುರೋಪಿನ ಒಂದು ಸೇನೆಯಿಂದ ನಿವೃತ್ತರಾಗಿ ಜಪಾನಿ ಹೆಂಡತಿಯೊಂದಿಗೆ ಟೋಕಿಯೋದಲ್ಲೇ ನೆಲೆಸಿದವರು. ಅವರು ನಿಯಮಗಳನ್ನು ವಿವರಿಸಿದರು. ಇಂಥ ವಿಷಯದಲ್ಲಿ ಯುರೋಪಿನಲ್ಲಿ ಒಂದು ದೇಶ ಬೇಡವೆಂದರೂ ತೀರ್ಮಾನ ಬಿದ್ದುಹೋಗುತ್ತದೆ. ಆದರೆ ಒಪ್ಪಿಗೆಯೂ ಇಲ್ಲ, ಅಡ್ಡಿಯೂ ಇಲ್ಲ ಎನ್ನುವವರಿಗೆ ಒಂದು ದಾರಿಯಿದೆ. ತಾವು ತಟಸ್ಥರೆಂದು ಹೇಳಿ, ಉಳಿದವರು ಮುಂದುವರಿಯಲು ಬಿಡಬಹುದು. ಇದನ್ನು ಕೇಳಿದ್ದೇ ತಡ, ಹತ್ತೂ ಜನ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಚರ್ಚೆ ಎಂಬುದು ನಡೆಯಲೇ ಇಲ್ಲ. ನಾಗರಿಕ ತಂಡದವರು ಎದ್ದು ಸೇನಾ ತಂಡದ ಅಭಿಪ್ರಾಯದಿಂದ ತುಂಬ ಕಲಿತೆವು ಎಂದರು. ಸೇನಾ ತಂಡದವರು ಎದ್ದು ನಾಗರಿಕ ತಂಡದ ಕಾಳಜಿ ಅರ್ಥವಾಗುತ್ತದೆ, ಕಚೇರಿಗೆ ತೆಗೆದುಕೊಂಡು ಹೋಗಿ ಪರಿಶೀಲಿಸುತ್ತೇವೆ ಎಂದರು. ಯಾವ ಕಚೇರಿಗೆ? ನಾನು ಕಟ್ಟಿದ ಆಟದಲ್ಲಿ ಕಚೇರಿಯೇ ಇರಲಿಲ್ಲ. ಕೊನೆಗೆ ಅಣಕು ಮತದಾನವಿಟ್ಟರೆ ಹತ್ತಕ್ಕೆ ಹತ್ತೂ ಜನ ತಟಸ್ಥ. ಎದುರಿನವರ ಮನಸ್ಸು ನೋಯಬಾರದೆಂದು ಪ್ರತಿಯೊಬ್ಬರೂ ಪಕ್ಕಕ್ಕೆ ಸರಿದು ನಿಂತಿದ್ದರು. ತಟಸ್ಥರು ಮೂರನೇ ಒಂದು ಭಾಗ ಮುಟ್ಟಿದರೆ ತೀರ್ಮಾನ ಬೀಳುತ್ತದೆಂಬ ನಿಯಮವೂ ಇದೆ. ಆದರೆ ಬೇಕೆನ್ನುವವರೂ ಬೇಡವೆನ್ನುವವರೂ ಒಬ್ಬರೂ ಇಲ್ಲದ ಮತವನ್ನು ಏನೆಂದು ಬರೆದುಕೊಳ್ಳಬೇಕೆಂದು ಕರ್ನಲ್‌ಗೆ ತಕ್ಷಣ ಹೊಳೆಯಲಿಲ್ಲ. "ನಮ್ಮ ಕಡೆ ಹೀಗೆ ಆಗಿದ್ದು ನನಗೆ ಗೊತ್ತಿಲ್ಲ" ಎಂದು ಮೀಸೆ ಉಜ್ಜಿಕೊಂಡರು.

ಮೂರು ವಾರದ ಕೆಲಸ ನೀರಿನಲ್ಲಿ ಹೋಮ.

ಸಭೆ ಮುಗಿದ ಮೇಲೆ ಚಹಾದ ಮೇಜಿನ ಬಳಿ ನಾಗರಿಕ ತಂಡದ ಒಬ್ಬರು ಹತ್ತಿರ ಬಂದು ತಲೆಬಾಗಿ, "ಸುಮಿಮಾಸೆನ್, ಸುಧಾ-ಸಾನ್. ನಿಮ್ಮ ದೇಶವನ್ನು ನಾವು ಸರಿಯಾಗಿ ಉಪಯೋಗಿಸಲಿಲ್ಲ" ಎಂದು ಕ್ಷಮೆ ಕೇಳಿದರು. ನಲವತ್ತೇಳು ನಲವತ್ತೆಂಟರ ಹೆಂಗಸು, ಪೊಲೀಸ್ ಇನ್ಸ್‌ಪೆಕ್ಟರ್. ಮನೆಯೊಳಗಿನ ಹಿಂಸೆಯ ಪ್ರಕರಣಗಳಲ್ಲಿ ದೂರು ಹೇಗೆ ಬರೆದುಕೊಳ್ಳಬೇಕೆಂದು ಹೊಸ ಮಹಿಳಾ ಪೊಲೀಸರಿಗೆ ಕಲಿಸುವುದು ಅವರ ಕೆಲಸ. ಮುಂದಿನ ವಾರ ಸಂಸ್ಥೆಯ ಗ್ರಂಥಾಲಯಕ್ಕೆ ಓದಲು ಬಂದವರು ನನ್ನ ಊಟದ ಡಬ್ಬಿ ನೋಡಿ ಹಳದಿ ಅನ್ನದಲ್ಲಿ ಏನಿದೆ ಎಂದು ಕೇಳಿದರು. ಚಿತ್ರಾನ್ನ ಹಂಚಿಕೊಂಡೆವು. ಕಡಲೆಬೀಜವನ್ನು ಒಂದೊಂದಾಗಿ ಆರಿಸಿ ತಿನ್ನುತ್ತಾ ಅವರು ತಮ್ಮ ವಿಷಯ ಹೇಳಿದರು.

ಯುರೋಪು ನಿಜವಾಗಿಯೇ ಹೊರಗೆ ಕಳಿಸುವ ನಾಗರಿಕ ತಂಡಗಳಿಗೆ ಬೇರೆ ದೇಶಗಳವರೂ ಸೇರಬಹುದು. ಈಗ ಒಂದು ತಂಡದಲ್ಲಿ ಮಹಿಳಾ ಪೊಲೀಸರಿಗೆ ತರಬೇತಿ ಕೊಡುವ ಜಾಗವಿದೆ, ಇವರ ಹೆಸರು ಆಯ್ಕೆಯಾಗಿದೆ. ಹಿಂದೆ ಎರಡು ಸಲ ಪ್ರಯತ್ನಪಟ್ಟು ಆಗಿರಲಿಲ್ಲ. ಇಲಾಖೆಯ ಕೊನೆಯ ಒಪ್ಪಿಗೆಯೊಂದು ಬಾಕಿ. "ನಿಮ್ಮ ಈ ಅಭ್ಯಾಸದ ವರದಿಯನ್ನು ನನ್ನ ಕಡತಕ್ಕೆ ಸೇರಿಸುತ್ತಾರೆ. ಮೇಲಿನವರು ಅದನ್ನು ಓದಿ ನಿರ್ಧರಿಸುತ್ತಾರೆ."

"ಈ ಸಲ ಆಗದಿದ್ದರೆ?" ಎಂದೆ.

"ಬರುವ ಬೇಸಿಗೆಗೆ ನನ್ನ ವಯಸ್ಸಿನ ಮಿತಿ ಮುಗಿಯುತ್ತದೆ" ಎಂದು ಡಬ್ಬಿಯ ಮುಚ್ಚಳ ಹಾಕಿಕೊಟ್ಟರು.

ಅವತ್ತಿನಿಂದ ವರದಿ ಬರೀ ವರದಿಯಾಗಿ ಉಳಿಯಲಿಲ್ಲ. ಅವರು ಹೋಗಬೇಕೆಂದು ನನಗೆ ತುಂಬ ಆಸೆಯಾಯಿತು. ವರದಿ ಬರೆಯುವವಳಿಗೆ ಇರಬಾರದ ಆಸೆ ಅದು ಎಂಬುದೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಟೋಕಿಯೋ ಪಕ್ಕದ ಉರಯಾಸುವಿನ ನಮ್ಮ ಮನೆಯಲ್ಲಿ ದೋಸೆ ಹುಯ್ಯುತ್ತಾ ತಟಸ್ಥ ಮತದಾನದ ಕಥೆಯನ್ನು ಯಜಮಾನರಿಗೆ ಹೇಳಿದೆ. ಅವರು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಎಂಟು ವರ್ಷದಿಂದ ಜಪಾನಿ ಗ್ರಾಹಕರೊಂದಿಗೆ ಏಗುತ್ತಿರುವವರು. ಚಟ್ನಿ ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ನಕ್ಕರು.

"ಹತ್ತು ಜನಾನೂ ಆಬ್‌ಸ್ಟೇನಾ? ಸೂಪರ್ ಕಣೆ."

"ನಗಬೇಡಿ ರೀ. ಮುಂದಿನ ಸಲಾನೂ ಹಿಂಗೇ ಆದ್ರೆ ನನ್ನ ಕತೆ ಅಷ್ಟೇ."

"ಇವರು ಮೀಟಿಂಗಲ್ಲಿ ನೋ ಅನ್ನಲ್ಲ ಕಣೆ. ಫಸ್ಟ್ ಇಯರ್ ನಾನು ಅದನ್ನೇ ಯೆಸ್ ಅಂದ್ಕೊಂಡು ಎರಡು ರಿಲೀಸ್ ಹಾಳು ಮಾಡಿದೀನಿ. ನೀನು ಮೀಟಿಂಗ್ ಬಿಡು, ಒಂದು ಕ್ಯೂಎ ಶೀಟ್ ಓಪನ್ ಮಾಡು."

"ಅದೇನದು?"

"ಎಕ್ಸೆಲ್ ಶೀಟ್ ಅಷ್ಟೇ. ನಂಬರ್, ಯಾರಿಗೆ, ಪ್ರಶ್ನೆ, ಉತ್ತರ, ಡ್ಯೂ ಡೇಟ್. ಇಲ್ಲಿ ಪ್ರತಿ ಪ್ರಾಜೆಕ್ಟಲ್ಲೂ ಇರುತ್ತೆ. ಬಾಯಲ್ಲಿ ಒಂದು ಮಾತಾಡದವರು ಶೀಟಲ್ಲಿ ಪ್ರಾಣ ತಿಂತಾರೆ. ಒಂದು ರೂಲ್ ನೆನಪಿಟ್ಕೋ. ಒಂದು ಸಲ ನಂಬರ್ ಬಿತ್ತು ಅಂದ್ರೆ ಡಿಲೀಟ್ ಮಾಡೋ ಹಂಗಿಲ್ಲ. ಬೇಡ ಅನ್ಸಿದ್ರೆ ವಿತ್‌ಡ್ರಾನ್ ಅಂತ ಹಾಕಿ, ಪಕ್ಕದಲ್ಲಿ ಯಾಕೆ ಅಂತ ಬರೀಬೇಕು."

ಸೋಮವಾರ ಸಂಸ್ಥೆಯ ನಿರ್ದೇಶಕರ ಮುಂದೆ ಇದನ್ನು ಇಟ್ಟೆ. ಅವರು ಯುರೋಪಿನ ರಾಜಧಾನಿಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ರಾಜತಾಂತ್ರಿಕರು, ಮಾತಿಗೆ ಮುಂಚೆ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸದವರು. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದು, "ಕೇಳಿದವರ ಹೆಸರು ಬರೆಯುವುದು ಬೇಡ. ಯಾವ ತಂಡಕ್ಕೆ ಪ್ರಶ್ನೆ ಎಂದಷ್ಟೇ ಇರಲಿ" ಎಂದರು. ಕರ್ನಲ್‌ಗೆ ಮಾತ್ರ ಇದು ರುಚಿಸಲಿಲ್ಲ. ಇದು ಚರ್ಚೆಯಲ್ಲ, ಅಂಚೆ ವ್ಯವಹಾರ ಎಂದು ಮುಖ ಸಿಂಡರಿಸಿದರು.

ಮಂಗಳವಾರ ಬೆಳಿಗ್ಗೆ ಹಾಳೆ ತೆರೆದೆ. ಎಲ್ಲರೂ ಅವರವರ ಜಾಗದಿಂದಲೇ ನೋಡಬಹುದು, ಬರೆಯಬಹುದು. ಸಂಜೆಗೆ ನಾಲ್ಕು ಪ್ರಶ್ನೆ. ಮಾರನೇ ದಿನ ಹತ್ತೊಂಬತ್ತು. ಗುರುವಾರ ಲೆಕ್ಕ ನಲವತ್ತು ದಾಟಿತು, ನಾನು ಬೇರೆಲ್ಲ ಕೆಲಸ ಬಿಟ್ಟು ಅದನ್ನೇ ನೋಡುತ್ತಾ ಕೂತೆ.

ಎಂಥ ಪ್ರಶ್ನೆಗಳು! ಸೇನಾ ತಂಡಕ್ಕೆ: ಸೈನಿಕರು ಹೊರಟುಹೋದ ಮರುದಿನ ಬೆಳಿಗ್ಗೆ ಪೊಲೀಸ್ ಠಾಣೆಯ ಬೀಗದಕೈ ಯಾರ ಹತ್ತಿರ ಇರುತ್ತದೆ? ನಾಗರಿಕ ತಂಡಕ್ಕೆ: ಆಯುಧವಿಲ್ಲದ ವೀಕ್ಷಕರನ್ನು ಹಾದಿಯಲ್ಲಿ ಕುಡಿದವರು ತಡೆದರೆ ವಾಪಸು ಬರುತ್ತಾರೋ, ಅಲ್ಲೇ ನಿಲ್ಲುತ್ತಾರೋ? ಸೇನಾ ತಂಡಕ್ಕೆ: ಸೇತುವೆ ತಾಳುವ ಭಾರ ಎಷ್ಟು, ನಿಮ್ಮ ಗಾಡಿಯ ತೂಕ ಎಷ್ಟು? ಎರಡೂ ತಂಡಕ್ಕೆ: ದುಭಾಷಿ ಯಾವ ದಡದವನು? ಆ ಒಂದು ಪ್ರಶ್ನೆಗೆ ಎರಡೂ ಕಡೆಯವರು ಸೇರಿ ಮೂರು ಪುಟ ಉತ್ತರ ಬರೆದರು. ನಾನು ಬೋರ್ಡಿನ ಎರಡು ಬದಿಯಲ್ಲಿ ಇಷ್ಟು ವರ್ಷ ಬರೆದ ಪಟ್ಟಿಗಳಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಮುಂದೇನು ಬರುತ್ತದೋ ಎಂಬ ಕುತೂಹಲ. ಅಂಚೆ ವ್ಯವಹಾರ ಎಂದಿದ್ದ ಕರ್ನಲ್ ದಿನಕ್ಕೆ ಮೂರು ಸಲ ಫೋನ್ ಮಾಡಿ ಹೊಸ ನಂಬರ್ ಬಂತೇ ಎಂದು ಕೇಳತೊಡಗಿದರು.

ಎರಡನೇ ಸಭೆಯಲ್ಲಿ ಹಾಳೆಯನ್ನು ಪರದೆಯ ಮೇಲೆ ಹಾಕಿ ಒಂದೊಂದೇ ಸಾಲು ಓದುತ್ತಾ ಹೋದೆವು. ಪ್ರಶ್ನೆ ಯಾರದ್ದೂ ಅಲ್ಲವಾದ್ದರಿಂದ ಉತ್ತರವನ್ನು ಯಾರು ಬೇಕಾದರೂ ಹರಿದು ಹಾಕಬಹುದಿತ್ತು, ಹರಿದು ಹಾಕಿದರು. ನಾಗರಿಕ ತಂಡ ಮೇಲುಗೈ ಸಾಧಿಸಿತು. ಹಿಂಸೆ ನಿಂತಿದೆ, ಆ ದೇಶದ ಸರ್ಕಾರ ತಾನೇ ಕರೆದಿದೆ, ಬೇಕಿರುವುದು ಜನ ನಂಬುವ ಠಾಣೆ ಮತ್ತು ಕೋರ್ಟು, ಇಲ್ಲಿ ಸೈನಿಕರು ಬಂದರೆ ಯಾವುದಾದರೂ ಒಂದು ದಡದವರಿಗೆ ಅವರು ಶತ್ರುಗಳಾಗುತ್ತಾರೆ ಎಂಬ ವಾದಕ್ಕೆ ಸೇನಾ ತಂಡದ ಮೂವರು ತಲೆದೂಗಿದರು. ಇನ್ಸ್‌ಪೆಕ್ಟರ್ ಹೆಚ್ಚು ಮಾತಾಡಲಿಲ್ಲ. ಆದರೆ ನಾನು ಮನಸ್ಸಿನಲ್ಲೇ ವರದಿಯ ಕೊನೆಯ ಪುಟ ಬರೆದುಬಿಟ್ಟಿದ್ದೆ. ಅವರ ಮೇಲಿನವರು ಅದನ್ನು ಓದಿ ಸಹಿ ಹಾಕುವುದೊಂದೇ ಬಾಕಿ.

ಮೂರನೇ ಸಭೆಗೆ ಎರಡು ದಿನ ಮುಂಚೆ, ಬುಧವಾರ ಮಧ್ಯಾಹ್ನ, ಅರವತ್ತೊಂದನೇ ಸಾಲು ತುಂಬಿತು.

"ನಾಗರಿಕ ತಂಡಕ್ಕೆ: ಕೆಲಸದ ಮೇಲೆ ಹೋದ ಸಿಬ್ಬಂದಿಗೆ ಗುಂಡೇಟು ಬಿದ್ದರೆ ಒಂದು ಗಂಟೆಯೊಳಗೆ ಶಸ್ತ್ರಚಿಕಿತ್ಸೆಗೆ ತಲುಪಿಸುವವರು ಯಾರು? ವಾಹನ ಯಾರದು? ಆಸ್ಪತ್ರೆ ಆ ದಡದಲ್ಲಿದೆ. ಸೇತುವೆ ಮುಚ್ಚಿದ್ದರೆ ದಾರಿ ಯಾವುದು?"

ಎರಡು ಸಲ ಓದಿ ನಕ್ಷೆ ತೆಗೆದು ನೋಡಿದೆ. ದಾರಿ ಇರಲಿಲ್ಲ. ಹೆಲಿಕಾಪ್ಟರ್ ಇದ್ದದ್ದು ಸೇನಾ ತಂಡದ ಸಲಕರಣೆಗಳ ಪಟ್ಟಿಯಲ್ಲಿ ಮಾತ್ರ. ಸೇನೆ ಬೇಡವೆಂದ ಮೇಲೆ ಹೆಲಿಕಾಪ್ಟರೂ ಇಲ್ಲ, ಅದು ಇಲ್ಲದಿದ್ದರೆ ನಾಗರಿಕ ತಂಡ ಕಾಲಿಡುವ ಹಾಗಿಲ್ಲ. ಎರಡನೇ ಸಭೆಯಲ್ಲಿ ಗೆದ್ದ ವಾದವೆಲ್ಲ ಈ ಮೂರು ಸಾಲಿಗೆ ಮಗುಚಿ ಬೀಳುತ್ತಿತ್ತು. ಜೊತೆಗೆ ವರದಿ, ಕಡತ, ಇನ್ಸ್‌ಪೆಕ್ಟರ್.

ಯಾರ ಕೆಲಸವೆಂದು ನನಗೆ ಸಂದೇಹವೇ ಬರಲಿಲ್ಲ. ಸೇನಾ ತಂಡದಲ್ಲಿ ಹಡಗುಗಳ ವಿಮಾ ಕಂಪನಿಯಿಂದ ಬಂದ ಒಬ್ಬರಿದ್ದರು. ಯಾವ ವಿಷಯ ತೆಗೆದರೂ ಅಪಘಾತವಾದರೆ ಏನು ಎಂದು ಕೇಳುವವರು. ಅವರದೇ ಇದು ಎಂದು ತೀರ್ಮಾನಿಸಿ ಅವರ ಮೇಲೆ ಕೆಂಡದಂಥ ಕೋಪ ಮಾಡಿಕೊಂಡೆ.

ಆಮೇಲೆ ಮಾಡಿದ್ದನ್ನು ಹೇಳಲು ಈಗಲೂ ಮುಜುಗರ. ಆ ಸಾಲನ್ನು ಮರೆಮಾಡಿದೆ. ಆಸ್ಪತ್ರೆಯನ್ನು ಅಲ್ಲಿಟ್ಟವಳು ನಾನೇ, ಅದು ಸನ್ನಿವೇಶ ಬರೆದವಳ ತಪ್ಪು, ನೀತಿಯ ಪ್ರಶ್ನೆಯಲ್ಲ, ಇದನ್ನು ಕೈಬಿಡುವುದರಲ್ಲಿ ಅನ್ಯಾಯವೇನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅರವತ್ತಾದ ಮೇಲೆ ಅರವತ್ತೆರಡು ಎಂದು ಹಾಳೆ ಹಲ್ಲು ಬಿದ್ದ ಬಾಯಂತೆ ಕಾಣುತ್ತಿತ್ತು. ಹಿಂತೆಗೆದಿದೆ ಎಂದು ಹಾಕಬೇಕು, ಪಕ್ಕದಲ್ಲಿ ಕಾರಣ ಬರೆಯಬೇಕು. ನಿಯಮ ಮಾಡಿ ಎಲ್ಲರಿಗೂ ಕಳಿಸಿದವಳು ನಾನೇ.

"ಸನ್ನಿವೇಶಕ್ಕೆ ಸಂಬಂಧವಿಲ್ಲ" ಎಂದು ಬರೆದೆ. ಸುಳ್ಳು. ಅಳಿಸಿದೆ. "ಮೊದಲೇ ಚರ್ಚೆಯಾಗಿದೆ" ಎಂದು ಬರೆದೆ. ಅದೂ ಸುಳ್ಳು. "ನಕ್ಷೆಯ ದೋಷ" ಎಂದು ಬರೆದು, ಇದಾದರೂ ಅರ್ಧ ನಿಜವಲ್ಲವೇ ಎಂದು ಬಹಳ ಹೊತ್ತು ನೋಡುತ್ತಾ ಕೂತೆ. ಆದರೆ ಆಸ್ಪತ್ರೆ ತಪ್ಪು ದಡದಲ್ಲಿರುವುದು ನಿಜವಾದ ಊರುಗಳಲ್ಲೂ ಇದ್ದದ್ದೇ. ಯಾರೂ ಅಲ್ಲಿ ಬಂದು ಅದನ್ನು ಎತ್ತಿ ಈ ಕಡೆ ಇಡುವುದಿಲ್ಲ. ನಿಜವಾದ ಕಾರಣ ಒಂದೇ ಇತ್ತು. ನನ್ನ ಜೊತೆ ಚಿತ್ರಾನ್ನ ತಿಂದ ಒಬ್ಬರು ಹೋಗಬೇಕೆಂದು ನನಗೆ ಆಸೆ. ಅದನ್ನು ಆ ಖಾನೆಯಲ್ಲಿ ಬರೆಯಲಾಗದು. ಬರೆಯಲಾಗದ ಕಾರಣಕ್ಕೆ ಒಂದು ಪ್ರಶ್ನೆಯನ್ನು ಅಳಿಸುವುದು ಹೇಗೆ? ಐದು ಗಂಟೆ ಹೊತ್ತಿಗೆ ಅರವತ್ತೊಂದನ್ನು ಇದ್ದ ಜಾಗಕ್ಕೇ ತಂದೆ.

ಶುಕ್ರವಾರ ಆ ಸಾಲು ಪರದೆಗೆ ಬಂದಾಗ ಎಲ್ಲರೂ ನಕ್ಷೆಯ ಕಡೆ ಬಗ್ಗಿದರು. ನಾಗರಿಕ ತಂಡದವರು ಸ್ಥಳೀಯ ಆಂಬುಲೆನ್ಸ್ ಎಂದರು. ಅದರ ಚಾಲಕ ಯಾವ ದಡದವನು ಎಂದು ಯಾರೋ ಕೇಳಿದರು. ದೋಣಿ ಎಂದರು. ನದಿಯ ಸೆಳೆತ ಎಷ್ಟು ಎಂದು ಕೇಳಿದರು. ವಿಮಾ ಕಂಪನಿಯವರನ್ನು ನಾನು ದುರುಗುಟ್ಟಿ ನೋಡುತ್ತಿದ್ದೆ, ಅವರು ಪಾಪ ಹೊಸದಾಗಿ ಕಂಡವರಂತೆ ಪ್ರಶ್ನೆಯನ್ನು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಕರ್ನಲ್ ತಾವು ಕಂಡ ಒಂದು ಊರಿನ ಮಾತು ಎತ್ತಿದರು. ಅಲ್ಲಿ ಸೈನಿಕರು ಮೊದಲೇ ಹೊರಟಿದ್ದರು, ನಾಗರಿಕರು ಉಳಿದಿದ್ದರು, ಒಬ್ಬ ತರಬೇತುದಾರನನ್ನು ಆಸ್ಪತ್ರೆಗೆ ತಲುಪಿಸಲು ಒಂದು ಹಗಲು ಪೂರ್ತಿ ಹಿಡಿಯಿತು.

ಮುಕ್ಕಾಲು ಗಂಟೆ ನಿಜವಾದ ಜಗಳ ನಡೆಯಿತು. ಧ್ವನಿ ಏರಿತು, ಒಬ್ಬರು ಇನ್ನೊಬ್ಬರ ಮಾತನ್ನು ಅರ್ಧಕ್ಕೇ ತಡೆದರು. ಜಪಾನಿನಲ್ಲಿ ನಾನು ಕಂಡ ಮೊದಲ ಅಡ್ಡಮಾತು ಅದು. ಕೊನೆಗೆ ಹತ್ತೂ ಜನ ಒಪ್ಪಿದ ತೀರ್ಮಾನ ಹೀಗಿತ್ತು: ಹೋಗುವುದು ನಾಗರಿಕ ತಂಡವೇ. ಗಾಯಾಳುಗಳನ್ನು ಸಾಗಿಸಲು ಒಂದು ಸಣ್ಣ ಸೇನಾ ತುಕಡಿ, ಅದು ಸೇತುವೆ ಕಾಯುವುದಿಲ್ಲ, ಗಸ್ತು ತಿರುಗುವುದಿಲ್ಲ. ಆ ವ್ಯವಸ್ಥೆ ಕಾಗದದ ಮೇಲೆ ಖಚಿತವಾಗುವ ತನಕ ಒಬ್ಬರೂ ಹೊರಡಬಾರದು. ತಟಸ್ಥರು ಯಾರೂ ಇರಲಿಲ್ಲ. ಇನ್ಸ್‌ಪೆಕ್ಟರ್ ಕೂಡ ಕೈ ಎತ್ತಿದರು.

ಆದದ್ದನ್ನು ಆದ ಹಾಗೆಯೇ ವರದಿ ಮಾಡಿದೆ, ಪ್ರಶ್ನೆಯನ್ನು ಪೂರ್ತಿ ಸೇರಿಸಿದೆ. ನಿರ್ದೇಶಕರು ಓದಿ ಒಂದು ಅಲ್ಪವಿರಾಮ ಮಾತ್ರ ತಿದ್ದಿದರು. ವರದಿ ಇನ್ಸ್‌ಪೆಕ್ಟರ್ ಅವರ ಕಡತ ಸೇರಿತು. ಮೂರು ವಾರದ ಮೇಲೆ ಅವರ ಇಲಾಖೆ ಅದೇ ಪ್ರಶ್ನೆಯನ್ನು ಯುರೋಪಿನ ಆ ತಂಡದ ಕೇಂದ್ರ ಕಚೇರಿಗೆ ಕಳಿಸಿತು, ಉತ್ತರ ಬರುವ ತನಕ ಅವರ ನೇಮಕವನ್ನು ತಡೆಹಿಡಿಯಿತು. ಇದನ್ನು ಬರೆಯುವ ಹೊತ್ತಿಗೆ ಬೇಸಿಗೆಗೆ ಮೂರು ತಿಂಗಳಿದೆ, ಉತ್ತರ ಬಂದಿಲ್ಲ.

ತಡೆಹಿಡಿದ ಸುದ್ದಿಯನ್ನು ಅವರೇ ಬಂದು ಹೇಳಿದರು, ಗ್ರಂಥಾಲಯದ ಪುಸ್ತಕಗಳನ್ನು ಹಿಂದಿರುಗಿಸಲು ಬಂದ ದಿನ. ಲಿಫ್ಟಿನ ಎದುರು ನಿಂತಿದ್ದೆವು.

"ಕ್ಷಮಿಸಿ. ಆ ಅರವತ್ತೊಂದನೇ ಪ್ರಶ್ನೆ ಇಲ್ಲದಿದ್ದರೆ ನೀವೀಗ ಸಾಮಾನು ಕಟ್ಟುತ್ತಿದ್ದಿರಿ" ಎಂದೆ.

"ಅದು ನಾನು ಬರೆದದ್ದು, ಸುಧಾ-ಸಾನ್."

ಲಿಫ್ಟ್ ಬಂತು, ಅವರು ಹತ್ತಲಿಲ್ಲ. ಅದು ಖಾಲಿಯಾಗಿ ಕೆಳಗೆ ಹೋಯಿತು.

"ನಾನೊಬ್ಬಳೇ ಹೋಗುವುದಾಗಿದ್ದರೆ ಬರೆಯುತ್ತಿರಲಿಲ್ಲ. ನಾನು ಹೋಗಿ ಆರು ತಿಂಗಳಿಗೆ ನನ್ನ ಕೈಕೆಳಗಿನ ಇಬ್ಬರು ಹುಡುಗಿಯರು ಬರುವುದೆಂದು ಮಾತಾಗಿತ್ತು. ಒಬ್ಬಳಿಗೆ ನಾಲ್ಕು ವರ್ಷದ ಮಗುವಿದೆ. ಬನ್ನಿ, ಏನೂ ಆಗುವುದಿಲ್ಲ ಎಂದು ಅವರಿಗೆ ಹೇಳಬೇಕಾದವಳು ನಾನು."

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಆ ಸಾಲನ್ನು ನಾನು ಮರೆಮಾಡಿದ್ದೆ, ಅವರಿಗೆ ಒಳ್ಳೆಯದಾಗಲೆಂದೇ ಮರೆಮಾಡಿದ್ದೆ, ಬುಧವಾರ ಇಡೀ ಮಧ್ಯಾಹ್ನ ಅದನ್ನು ಅಳಿಸಲೋ ಬೇಡವೋ ಎಂದು ಒದ್ದಾಡಿದೆ ಎಂದು ಹೇಳಿಬಿಟ್ಟೆ.

ಅವರು ಕೋಪಿಸಿಕೊಳ್ಳಲಿಲ್ಲ. ನಿಧಾನವಾಗಿ ಲಿಫ್ಟಿನ ಗುಂಡಿಯನ್ನು ಮತ್ತೆ ಒತ್ತಿದರು.

"ನಿಮಗೆ ಒಂದು ಮಧ್ಯಾಹ್ನ ಸಾಕಾಯಿತು" ಎಂದರು. "ನನಗೆ ಅದನ್ನು ಬರೆಯಲು ನಾಲ್ಕು ದಿನ ಬೇಕಾಯಿತು."